ಅವ್ವನ ಇನ್ಸುಲಿನ್ ಮತ್ತು ಉಪವಾಸ ಬಿದ್ದ ಯೀಸ್ಟು

ಇಲ್ಲಿ ಏನೂ ಬರೆಯದೆ ಎರಡು ತಿಂಗಳ ಮೇಲಾಯ್ತು. ಒಂದಿಬ್ಬರು ಮೇಲ್ ಮಾಡಿ ಕೇಳಿದ್ರಿ, ಥ್ಯಾಂಕ್ಸ್. ಊರಲ್ಲಿದ್ದೆ. ಅವ್ವನ ಶುಗರ್ ಮತ್ತೆ ಏರುಪೇರಾಗಿತ್ತು. ಅವಳ ಪಕ್ಕ ಕೂತು ಹೊತ್ತು ಕಳೆಯುವಾಗ, ಎಷ್ಟೋ ವರ್ಷದಿಂದ ಬರೀಬೇಕು ಅಂದ್ಕೊಂಡು ಬಿಟ್ಟಿದ್ದ ಒಂದು ಕಥೆ ನೆನಪಾಯ್ತು. ಇತಿಹಾಸದ ಕಥೆಯೇ. ಆದ್ರೆ ಇದರಲ್ಲಿ ರಾಜರಿಲ್ಲ, ಶಾಸನ ಇಲ್ಲ, ಯೀಸ್ಟ್ ಇದೆ. ಲಕ್ಷ್ಮೇಶ್ವರದವನಾಗಿ ಪುಲಿಗೆರೆ, ಸೋಮೇಶ್ವರ ದೇವಸ್ಥಾನ ಎಲ್ಲಾ ಬಿಟ್ಟು ಯೀಸ್ಟಿನ ಚರಿತ್ರೆ ಬರೀತಾನಲ್ಲ ಇವನು ಅಂತ ಬೈಬೇಡಿ. ಪಂಪನೂ ಒಂದು ಸಲ ಬಂದು ಹೋಗ್ತಾನೆ :)

2006ರ ಮಾತು. ಗದಗಿನಲ್ಲಿ ಡಾಕ್ಟರು ಅವ್ವನಿಗೆ "ಗುಳಿಗಿ ಸಾಲಂಗಿಲ್ಲ, ಇನ್ನ ಇನ್ಸುಲಿನ್ ತಗೋಬೇಕು" ಅಂದ್ರು. ಬಾಟ್ಲಿ, ಸಿರಿಂಜು ಎಲ್ಲಾ ಕೊಂಡು, ಥರ್ಮಾಸಿನಲ್ಲಿ ಐಸ್ ಹಾಕಿಸಿಕೊಂಡು ಶಿರಹಟ್ಟಿ ಮೇಲೆ ಹಾದು ಲಕ್ಷ್ಮೇಶ್ವರಕ್ಕೆ ಬಸ್ ಹತ್ತಿದ್ವಿ. (ಆಗ ಲಕ್ಷ್ಮೇಶ್ವರ ಇನ್ನೂ ಶಿರಹಟ್ಟಿ ತಾಲೂಕಿನಲ್ಲೇ ಇತ್ತು.) ಬಸ್ಸಿನಲ್ಲಿ ಪಕ್ಕ ಕೂತಿದ್ದ ಒಬ್ಬ ಹೆಣ್ಣುಮಗಳು ಥರ್ಮಾಸ್ ನೋಡಿ, ವಿಚಾರಿಸಿ, ಬಹಳ ಕಾಳಜಿಯಿಂದ ಹೇಳಿದಳು: "ಅಲ್ಲ ಯವ್ವಾ, ಅದನ್ನ ಹಂದಿ ಹೊಟ್ಟ್ಯಾಗಿಂದ ತಗೀತಾರಂತ, ನಿಮಗ ನಡೀತದೇನು?"

ಮುಗೀತು. ಮನೆಗೆ ಬಂದ ಅವ್ವ ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು, "ಅದನ್ನ ಒಳಗ ತರಬ್ಯಾಡ" ಅಂದಳು. ಬಾಟ್ಲಿ ಹಿತ್ತಲ ಕಟ್ಟೆಯ ಮೇಲಿನ ಮಣ್ಣಿನ ಗಡಿಗೆಯಲ್ಲಿ ಕೂತಿತು. ನನಗೆ ಸಿಟ್ಟಿಗಿಂತ ಹೆದರಿಕೆ. ಮುಂಡರಗಿಯಲ್ಲಿದ್ದ ನಮ್ಮ ದೊಡ್ಡಪ್ಪ ಹಿಂದಿನ ವರ್ಷವಷ್ಟೇ ಶುಗರಿನಿಂದ ಮೊದಲು ಎರಡು ಬೆರಳು, ಆಮೇಲೆ ಪಾದ ಕಳ್ಕೊಂಡಿದ್ದ. ಅವನೂ ಸೂಜಿ ಬ್ಯಾಡ ಅಂದವನೇ.

ಬಸ್ಸಿನ ಹೆಣ್ಣುಮಗಳು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. 1922ರ ಜನವರಿಯಲ್ಲಿ ಟೊರಾಂಟೋದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಅನ್ನೋ ಹುಡುಗನಿಗೆ ಮೊದಲ ಇನ್ಸುಲಿನ್ ಚುಚ್ಚಿದಾಗಿಂದ ಸುಮಾರು ಅರವತ್ತು ವರ್ಷ ಜಗತ್ತಿನ ಇನ್ಸುಲಿನ್ನೆಲ್ಲಾ ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಯಿಂದಲೇ ಬರ್ತಿತ್ತು. 1982ರಲ್ಲಿ ಅಮೆರಿಕಾದಲ್ಲಿ ಬ್ಯಾಕ್ಟೀರಿಯಾದಿಂದ ಮಾಡಿದ ಮಾನವ ಇನ್ಸುಲಿನ್ ಮಾರುಕಟ್ಟೆಗೆ ಬಂತು. ಆಮೇಲೆ ಡೆನ್ಮಾರ್ಕಿನವರು ಯೀಸ್ಟಿನಿಂದ ಮಾಡಿದ್ರು. ನಮ್ಮಲ್ಲಿ 2003ರಲ್ಲಿ ವೊಕಾರ್ಡ್, 2004ರ ನವೆಂಬರಿನಲ್ಲಿ ಬೆಂಗಳೂರಿನ ಬಯೋಕಾನ್, ಎರಡೂ ಯೀಸ್ಟಿನ ದಾರಿಯನ್ನೇ ಹಿಡಿದ್ವು. ಗಡಿಗೆಯಲ್ಲಿ ಕೂತಿದ್ದು ಬೆಂಗಳೂರಿನ ಬಾಟ್ಲಿ, ಇನ್ಸುಜೆನ್.

ಗದಗಿನ ಸೈಬರ್ ಕೆಫೆಯಲ್ಲಿ ಕೂತು ಇಷ್ಟು ತಿಳ್ಕೊಂಡು ಬಂದು ಅವ್ವನಿಗೆ ಹೇಳಿದೆ: "ಇದು ಹಂದೀದಲ್ಲ, ಯೀಸ್ಟಿಂದು. ಬೆಟಗೇರಿ ಬೇಕರಿಯಾಗ ಪಾವ್ ಉಬ್ಬಾಕ ಹಾಕ್ತಾರಲ್ಲ, ಆ ಜಾತೀದು."

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಹಂಗಾರ ಆ ಬೇಕರಿಯಾಂವ ಯಾಕ ಇನ್ಸುಲಿನ್ ಮಾಡಂಗಿಲ್ಲ?"

ಅದಕ್ಕೆ ಉತ್ತರ ಹುಡುಕುತ್ತಾ ಹೋದವನು ಇನ್ನೂ ಹುಡುಕ್ತಾನೇ ಇದ್ದೀನಿ. ಸಿಕ್ಕಿದಷ್ಟು ಕೆಳಗಿದೆ.

ಮೊದಲು ಒಂದು ಸಣ್ಣ ಪಾಠ. ನಮ್ಮ ಕಡೆ ಹೊಲದ ಉತಾರ ಅಂದ್ರೆ ಎಲ್ಲರಿಗೂ ಗೊತ್ತು. ಮೂಲ ದಾಖಲೆ ಕಚೇರಿಯಲ್ಲೇ ಇರುತ್ತೆ, ಹೊರಗೆ ಬರೋದಿಲ್ಲ. ಸಾಲಕ್ಕೆ, ಖರೀದಿಗೆ, ಬೆಳೆವಿಮೆಗೆ ಬೇಕಾದಾಗ ನಕಲು ತೆಗೆಸಿಕೊಂಡು ಹೋಗ್ತೀವಿ. ಜೀವಕೋಶದಲ್ಲೂ ಹಾಗೇ. ಡಿಎನ್‌ಎ ಅನ್ನೋ ಮೂಲ ದಾಖಲೆ ಕೋಶಕೇಂದ್ರದಲ್ಲಿ ಭದ್ರ. ಅದರ ಒಂದೊಂದು ಪುಟ ಒಂದೊಂದು ಜೀನ್. ಯಾವ ಪ್ರೋಟೀನ್ ಬೇಕೋ ಆ ಪುಟದ ಉತಾರ ಮಾತ್ರ ಆರ್‌ಎನ್‌ಎ ರೂಪದಲ್ಲಿ ಹೊರಗೆ ಬರುತ್ತೆ, ಅದನ್ನು ಓದಿ ಕೋಶ ಪ್ರೋಟೀನ್ ಕಟ್ಟುತ್ತೆ. ಬೇಕರಿ ಯೀಸ್ಟಿನಲ್ಲಿ ಇಂಥ ಪುಟಗಳು ಸುಮಾರು 6000 (1996ರಲ್ಲಿ ಅದರ ಇಡೀ ದಫ್ತರ ಓದಿ ಮುಗಿಸಿದ್ರು). ಎಲ್ಲದರ ಉತಾರವನ್ನೂ ಎಲ್ಲಾ ಕಾಲಕ್ಕೂ ತೆಗೀತಾ ಕೂತ್ರೆ ಕೋಶ ದಿವಾಳಿ. ಹಾಗಾಗಿ ಪ್ರಶ್ನೆ ಇಷ್ಟೇ: ಯಾವ ಪುಟದ ಉತಾರ ಈಗ ತೆಗೀಬೇಕು, ಯಾವುದನ್ನ ಮುಚ್ಚಿಡಬೇಕು ಅಂತ ಯಾರು ಹೇಳ್ತಾರೆ?

ಯೀಸ್ಟಿನ ಮಟ್ಟಿಗೆ ಬಹುಪಾಲು ಉತ್ತರ: ಊಟ.

ಇದು ಗೊತ್ತಾಗಿದ್ದು ಒಂದು ತಡದಿಂದ. 1900ರಲ್ಲಿ ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯ ಪತ್ರಿಕೆಯಲ್ಲಿ ಡಿಯೆನೆರ್ ಅನ್ನುವವರು ಒಂದು ಲೇಖನ ಬರೆದ್ರು. ಗ್ಲೂಕೋಸ್ ತಿಂದು ಬೆಳೆದ ಯೀಸ್ಟನ್ನು ಗ್ಯಾಲಕ್ಟೋಸ್ ಅನ್ನೋ ಇನ್ನೊಂದು ಸಕ್ಕರೆಗೆ ಹಾಕಿದ್ರೆ ಅದು ಕೂಡಲೆ ಹುದುಗೋದಿಲ್ಲ. ಗಂಟೆಗಟ್ಟಲೆ ಸುಮ್ಮನೆ ಕೂರುತ್ತೆ. ಆಮೇಲೆ ಎಲ್ಲೋ ಏನೋ ಹೊಳೆದವರ ಹಾಗೆ ಶುರು ಹಚ್ಚಿಕೊಳ್ಳುತ್ತೆ. ಡಿಯೆನೆರ್ ಇದಕ್ಕೆ ಬಳಸಿದ ಫ್ರೆಂಚ್ ಪದದ ಅರ್ಥ ಹೆಚ್ಚೂಕಮ್ಮಿ ನಮ್ಮ "ರೂಢಿಯಾಗೋದು". ಗ್ಯಾಲಕ್ಟೋಸ್ ಅಂದ್ರೆ ಹಾಲಿನ ಸಕ್ಕರೆಯ ಅರ್ಧಭಾಗ. ಹಾಲಿನ ಸಕ್ಕರೆ ಲ್ಯಾಕ್ಟೋಸ್ ಒಡೆದ್ರೆ ಒಂದು ಗ್ಲೂಕೋಸ್, ಒಂದು ಗ್ಯಾಲಕ್ಟೋಸ್.

ಈ ತಡವನ್ನ ಮುಂದಿನ ನಲವತ್ತು ವರ್ಷ ಹೆಚ್ಚಿನವರು ಒಂದು ಕಿರಿಕಿರಿ ಅಂತಲೇ ನೋಡಿದ್ರು ಅಂತ ನನ್ನ ಅನಿಸಿಕೆ. ಇಡೀ ಕಥೆ ಅದರೊಳಗೇ ಅಡಗಿತ್ತು.

1941ಕ್ಕೆ ಬನ್ನಿ. ಜರ್ಮನ್ನರು ಹಿಡಿದಿದ್ದ ಪ್ಯಾರಿಸ್ಸಿನಲ್ಲಿ ಜಾಕ್ ಮೊನೊ ಡಾಕ್ಟರೇಟ್ ಮುಗಿಸ್ತಿದ್ದ. (ಪಂಪ ಬರ್ತಾನೆ ಅಂದೆನಲ್ಲ, ಬಂದ. ನಮ್ಮ ಪುಲಿಗೆರೆಯ ಕನ್ನಡದಲ್ಲಿ ಅವನು ಭಾರತ ಬರೆದಿದ್ದು 941ರಲ್ಲಿ. ಸರಿಯಾಗಿ ಸಾವಿರ ವರ್ಷ. ಇದರಿಂದ ಏನೂ ಸಾಬೀತಾಗೋದಿಲ್ಲ, ನನಗೆ ಖುಷಿಯಾಯ್ತು ಅಷ್ಟೇ.) ಮೊನೊ ಬ್ಯಾಕ್ಟೀರಿಯಾಗಳಿಗೆ ಎರಡು ಸಕ್ಕರೆ ಒಟ್ಟಿಗೆ ಬಡಿಸಿದ. ಅವು ಮೊದಲು ಗ್ಲೂಕೋಸ್ ಪೂರಾ ಖಾಲಿ ಮಾಡಿದ್ವು. ಆಮೇಲೆ ಬೆಳವಣಿಗೆ ನಿಂತೇ ಹೋಯ್ತು. ಸ್ವಲ್ಪ ಹೊತ್ತಿನ ಮೇಲೆ ಎರಡನೇ ಸಕ್ಕರೆ ಮೇಲೆ ಮತ್ತೆ ಶುರು. ಕಾಗದದ ಮೇಲೆ ಬರೆದ್ರೆ ಎರಡು ಮೆಟ್ಟಿಲು, ನಡುವೆ ಒಂದು ಕಟ್ಟೆ. ಮದುವೆ ಊಟದಲ್ಲಿ ಹೋಳಿಗೆ ಬರ್ತಿರೋವರೆಗೂ ಯಾರೂ ಅನ್ನದ ಕಡೆ ನೋಡೋದಿಲ್ಲವಲ್ಲ, ಹಾಗೆ. ಹೋಳಿಗೆ ಮುಗೀತು ಅಂತ ಗೊತ್ತಾಗಿ, ಅನ್ನ ಸಾರು ಕಲಸಿಕೊಳ್ಳೋದಕ್ಕೆ ಒಂದಿಷ್ಟು ಹೊತ್ತು ಹಿಡಿಯುತ್ತೆ. ಹಿರಿಯರಾದ ಆಂದ್ರೆ ಲ್ವೊಫ್ ಇದು ಆ ಹಳೇ ರೂಢಿಯ ವಿಷಯವೇ ಇರಬೇಕು ಅಂದಾಗ, ಅದೇನು ಅಂತಲೇ ಮೊನೊಗೆ ಗೊತ್ತಿರಲಿಲ್ಲವಂತೆ. 1965ರಲ್ಲಿ ಇಬ್ಬರೂ ಫ್ರಾನ್ಸ್ವಾ ಜಾಕೋಬ್ ಜೊತೆ ನೊಬೆಲ್ ತಗೊಂಡ್ರು. ಬ್ಯಾಕ್ಟೀರಿಯಾದಲ್ಲಿ ಜೀನಿನ ಬಾಗಿಲಿಗೆ ಒಂದು ಪ್ರೋಟೀನ್ ಅಡ್ಡ ಕೂತಿರುತ್ತೆ, ಸಕ್ಕರೆ ಬಂದಾಗ ಎದ್ದು ಹೋಗುತ್ತೆ ಅನ್ನೋದು ಅವರು ಕೊಟ್ಟ ಚಿತ್ರ.

ಯೀಸ್ಟ್ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. 1945ರಲ್ಲಿ ಅಮೆರಿಕಾದಲ್ಲಿ ಸ್ಪೀಗೆಲ್ಮನ್ ಮತ್ತು ಲಿಂಡೆಗ್ರೆನ್ ದಂಪತಿ, ಒಮ್ಮೆ ರೂಢಿಯಾದ ಮೇಲೆ ಸಕ್ಕರೆ ಸಿಗ್ತಾ ಇರೋವರೆಗೂ ಜೀನ್ ಇಲ್ಲದೆಯೂ ಕಿಣ್ವ ಮುಂದುವರಿಯುತ್ತೆ ಅಂತ ಬರೆದು ಕೋಲಾಹಲ ಎಬ್ಬಿಸಿದ್ರು. ಅದು ನಿಲ್ಲಲಿಲ್ಲ. ಹೆಚ್ಚು ಉಪಯೋಗಕ್ಕೆ ಬಂದಿದ್ದು 1948ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ವಿಂಗೆ ಮತ್ತು ಕ್ಯಾಥರೀನ್ ರಾಬರ್ಟ್ಸ್ ಕಂಡದ್ದು. (ಹೌದು, ಬಿಯರಿನ ಕಾರ್ಲ್ಸ್‌ಬರ್ಗೇ. ಈ ಕಥೆಯಲ್ಲಿ ಬಿಯರ್ ಮತ್ತೆ ಬರುತ್ತೆ.) ಕೆಲವು ಯೀಸ್ಟುಗಳಿಗೆ ಗ್ಯಾಲಕ್ಟೋಸ್ ರೂಢಿಯಾಗೋದಕ್ಕೆ ಗಂಟೆಗಳಲ್ಲ, ದಿನಗಳೇ ಬೇಕು. ಒಂದು ಜೀನ್ ಕೆಟ್ಟಿದ್ರೆ ಹೀಗಾಗುತ್ತೆ ಅಂತ ಅವರು ತೋರಿಸಿದ್ರು. ಆ ಜೀನಿಗೆ ಈಗ ಗ್ಯಾಲ್ 3 ಅಂತ ಹೆಸರು. ಈ ಹೆಸರು ನೆನಪಿಡಿ.

1960ರ ದಶಕದಲ್ಲಿ ಸಿಯಾಟಲ್‌ನಲ್ಲಿ ಡಗ್ಲಸ್ ಮತ್ತು ಹಾಥಾರ್ನ್ ಇನ್ನೆರಡು ಪಾತ್ರಗಳನ್ನು ಹಿಡಿದ್ರು: ಗ್ಯಾಲ್ 4 ಮತ್ತು ಗ್ಯಾಲ್ 80. ಗ್ಯಾಲ್ 4 ಕೆಟ್ಟ ಯೀಸ್ಟ್ ಗ್ಯಾಲಕ್ಟೋಸನ್ನ ಯಾವತ್ತೂ ತಿನ್ನೋದಿಲ್ಲ. ಗ್ಯಾಲ್ 80 ಕೆಟ್ಟ ಯೀಸ್ಟು, ಗ್ಯಾಲಕ್ಟೋಸ್ ಇಲ್ಲದಿದ್ರೂ ಅದನ್ನು ಅರಗಿಸೋ ಕಿಣ್ವಗಳನ್ನು ಮಾಡ್ತಾನೇ ಇರುತ್ತೆ. ಇದರಿಂದ ಒಂದು ಚಿತ್ರ ಮೂಡಿತು. ಗ್ಯಾಲ್ 4 ಅನ್ನುವವನು ಉತಾರ ತೆಗೆಸುವ ಗುಮಾಸ್ತ. ಜೀನಿನ ಬಾಗಿಲಲ್ಲಿ 17 ಅಕ್ಷರದ ಒಂದು ಗುರುತಿನ ಮೇಲೆ ಕೂತಿರ್ತಾನೆ, ಆದ್ರೆ ಕೆಲಸ ಮಾಡೋದಿಲ್ಲ. ಯಾಕಂದ್ರೆ ಗ್ಯಾಲ್ 80 ಅವನ ಕೈ ಹಿಡಿದು ಕೂತಿರುತ್ತೆ. ಗ್ಯಾಲಕ್ಟೋಸ್ ಬಂದಾಗ ಆ ಹಿಡಿತ ಬಿಡುತ್ತೆ, ಮೂರು ಮುಖ್ಯ ಜೀನುಗಳ ಉತಾರ ಒಂದೇ ಸಮ ಹೊರಗೆ ಬೀಳೋಕೆ ಶುರುವಾಗುತ್ತೆ, ಸುಮಾರು ಸಾವಿರ ಪಟ್ಟು ಹೆಚ್ಚಾಗಿ. ಮೊನೊನ ಬ್ಯಾಕ್ಟೀರಿಯಾಕ್ಕಿಂತ ಇದು ಬೇರೆ. ಇಲ್ಲಿ ಬಾಗಿಲ ಅಡ್ಡ ತೆಗೆದ್ರೆ ಸಾಲದು, ಕೆಲಸ ಮಾಡೋನು ಬೇಕು.

ಗ್ಯಾಲ್ 4 ಎಂಥಾ ಹುರುಪಿನ ಗುಮಾಸ್ತ ಅಂದ್ರೆ, 1985ರಲ್ಲಿ ಬ್ರೆಂಟ್ ಮತ್ತು ಟಾಶ್ನೆ ಅವನ ಕೆಲಸ ಮಾಡೋ ಭಾಗವನ್ನ ಬ್ಯಾಕ್ಟೀರಿಯಾದ ಬೇರೊಂದು ಪ್ರೋಟೀನಿನ "ಕೈ"ಗೆ ಜೋಡಿಸಿದ್ರೆ ಅಲ್ಲೂ ದುಡಿದ. ನೊಣದ ಕೋಶ, ಸಸ್ತನಿಗಳ ಕೋಶದಲ್ಲಿ ಇಟ್ರೂ ದುಡಿದ. ಇವತ್ತು ಹಣ್ಣಿನ ನೊಣಗಳ ಮೇಲೆ ಪ್ರಯೋಗ ಮಾಡೋ ಲ್ಯಾಬುಗಳಿಗೆಲ್ಲ ಗ್ಯಾಲ್ 4 ದಿನಬಳಕೆಯ ಸಾಮಾನು.

ಆದ್ರೆ ಗ್ಯಾಲಕ್ಟೋಸ್ ಬಂತು ಅಂತ ಗ್ಯಾಲ್ 80ಗೆ ಹೇಳೋರು ಯಾರು? ಇಲ್ಲಿ ವಿಂಗೆಯ ಗ್ಯಾಲ್ 3 ಮತ್ತೆ ಬರುತ್ತೆ. ಗ್ಯಾಲ್ 3 ಒಂದು ಕಿಣ್ವ, ಅದು ಗ್ಯಾಲಕ್ಟೋಸನ್ನು ಏನೋ ಒಂದು "ಸಂದೇಶ ವಸ್ತು"ವಾಗಿ ಬದಲಾಯಿಸುತ್ತೆ ಅಂತ ಬಹಳ ಕಾಲ ನಂಬಿದ್ರು. ಆ ವಸ್ತು ಮಾತ್ರ ಯಾರ ಕೈಗೂ ಸಿಗಲಿಲ್ಲ. 1992ರಲ್ಲಿ ಪೆನ್ಸಿಲ್ವೇನಿಯಾದ ಹರ್ಷೀ ಊರಿನಲ್ಲಿ (ಚಾಕಲೇಟಿನ ಹರ್ಷೀನೇ, ಸಕ್ಕರೆ ಪ್ರಶ್ನೆಗೆ ಸರಿಯಾದ ಊರು!) ಇಬ್ಬರು ಬಹಳ ಸರಳವಾದ ಒಂದು ಕೆಲಸ ಮಾಡಿದ್ರು. ಗ್ಯಾಲಕ್ಟೋಸ್ ಒಂದು ಹನಿಯೂ ಇಲ್ಲದ ಯೀಸ್ಟಿನಲ್ಲಿ ಗ್ಯಾಲ್ 3 ಪ್ರೋಟೀನನ್ನು ಬೇಕಾಬಿಟ್ಟಿ ಹೆಚ್ಚಾಗಿ ಮಾಡಿಸಿದ್ರು. ಗ್ಯಾಲ್ ಜೀನುಗಳು ತಾವಾಗಿಯೇ ಎದ್ದು ಕೂತ್ವು! ಅಂದ್ರೆ ಸಂದೇಶ ವಸ್ತು ಅಂತ ಬೇರೆ ಏನೂ ಇಲ್ಲ, ಗ್ಯಾಲ್ 3 ಪ್ರೋಟೀನೇ ಸಂದೇಶ. ಗ್ಯಾಲಕ್ಟೋಸ್ ಅಂಟಿಕೊಂಡ ಗ್ಯಾಲ್ 3 ಹೋಗಿ ಗ್ಯಾಲ್ 80ಯನ್ನು ತಬ್ಬಿ ಹಿಡಿಯುತ್ತೆ, ಗ್ಯಾಲ್ 4ನ ಕೈ ಖಾಲಿಯಾಗುತ್ತೆ. ಹತ್ತಿರದ ಸಂಬಂಧಿ ಗ್ಯಾಲ್ 1ನ್ನು ಹೆಚ್ಚಾಗಿ ಮಾಡಿಸಿದ್ರೂ ಇದೇ ಫಲಿತಾಂಶ. ಗ್ಯಾಲ್ 1 ಮೂಲತಃ ಗ್ಯಾಲಕ್ಟೋಸ್ ಅರಗಿಸೋ ಕಿಣ್ವ, ಪಕ್ಕದಲ್ಲಿ ಅಷ್ಟಿಷ್ಟು ಸುದ್ದಿ ಮುಟ್ಟಿಸೋ ಕೆಲಸವನ್ನೂ ಮಾಡುತ್ತೆ. ಗ್ಯಾಲ್ 3 ಕೆಟ್ಟಿದ್ದ ಯೀಸ್ಟು ಸೋರಿ ಬಂದ ಚೂರುಪಾರು ಗ್ಯಾಲ್ 1ರಲ್ಲೇ ನಿಧಾನವಾಗಿ ಸಂಭಾಳಿಸ್ತಿತ್ತು, ಅದಕ್ಕೇ ಆ ದಿನಗಟ್ಟಲೆ ತಡ. ಕೋಪನ್‌ಹೇಗನ್ನಿನ ಒಗಟು 44 ವರ್ಷದ ಮೇಲೆ ಬಿಡಿಸಿಕೊಂಡಿತು.

ಆ ಇಬ್ಬರಲ್ಲಿ ಒಬ್ಬರು ಜೇಮ್ಸ್ ಹಾಪರ್. ಇನ್ನೊಬ್ಬರು ಪೈಕೆ ಜಯದೇವ ಭಟ್. ಹೆಸರು ನೋಡಿದ ಕೂಡಲೆ ನನ್ನ ಕಿವಿ ನಿಮಿರಿತು, ನಿಮ್ಮದೂ ನಿಮಿರಿರಬೇಕು. ಭಟ್ಟರು ಆಮೇಲೆ ಐಐಟಿ ಬಾಂಬೆಯಲ್ಲಿ ಇದೇ ಗುಂಡಿಯ ಮೇಲೆ ವರ್ಷಾನುಗಟ್ಟಲೆ ಕೆಲಸ ಮಾಡಿ, 2008ರಲ್ಲಿ ಈ ಗ್ಯಾಲಕ್ಟೋಸ್ ವ್ಯವಸ್ಥೆಯ ಬಗ್ಗೆಯೇ ಒಂದು ಇಡೀ ಪುಸ್ತಕ ಬರೆದ್ರು.

ಇಲ್ಲಿಗೆ ಹೋಳಿಗೆ ಅನ್ನದ ಅರ್ಧ ಕಥೆಯಾಯ್ತು. ಎರಡೂ ಎಲೆಯ ಮೇಲಿದ್ದಾಗ ಅನ್ನ ಯಾಕೆ ಬೇಡ ಅನ್ನೋದಕ್ಕೆ ಬೇರೆಯೇ ಕಾವಲುಗಾರ ಇದ್ದಾನೆ, ಮಿಗ್ 1. 1990ರಲ್ಲಿ ಸ್ವೀಡನ್ನಿನಲ್ಲಿ ಸಿಕ್ಕಿದವನು. ಗ್ಲೂಕೋಸ್ ಇರೋವರೆಗೂ ಕೋಶಕೇಂದ್ರದೊಳಗೆ ಕೂತು ಗ್ಯಾಲ್ ಜೀನುಗಳಿಗೆ ಬೀಗ ಜಡಿದಿರ್ತಾನೆ. ಗ್ಲೂಕೋಸ್ ಮುಗಿದಾಗ ಸ್ನಫ್ 1 ಅನ್ನೋ ಕಿಣ್ವ ಅವನಿಗೆ ಫಾಸ್ಫೇಟಿನ ಮುದ್ರೆ ಒತ್ತಿ ಹೊರಗೆ ಕಳಿಸುತ್ತೆ. ಸ್ನಫ್ 1 ಸಿಕ್ಕಿದ್ದು 1981ರಲ್ಲಿ, ಸಾದಾ ಸಕ್ಕರೆ ಹುದುಗಿಸೋಕೆ ಬರದ ಯೀಸ್ಟುಗಳನ್ನು ಹುಡುಕುತ್ತಿದ್ದ ಮೇರಿಯನ್ ಕಾರ್ಲ್ಸನ್ ಮತ್ತು ಜೊತೆಗಾರರಿಗೆ. ಇದನ್ನ ಓದುವಾಗ ನಾನು ಕುರ್ಚಿಯಿಂದ ಎದ್ದು ಎರಡು ಸುತ್ತು ಹಾಕಿದೆ. ಯಾಕಂದ್ರೆ ಸ್ನಫ್ 1ರ ದಾಯಾದಿ ನಮ್ಮ ಮೈಯಲ್ಲೂ ಇದೆ, ಎಎಂಪಿಕೆ ಅಂತ. ಅವ್ವ ಇನ್ಸುಲಿನ್ನಿಗೆ ಮೊದಲಿಂದಲೂ ನುಂಗ್ತಿರೋ ಮೆಟ್‌ಫಾರ್ಮಿನ್ ಗುಳಿಗೆ ಅದನ್ನು ಎಬ್ಬಿಸುತ್ತೆ ಅಂತ 2001ರಲ್ಲಿ ಗೊತ್ತಾಯ್ತು. (ಆ ಗುಳಿಗೆಗೆ ಬೇರೆ ದಾರಿಗಳೂ ಇವೆ ಅಂತ ಆಮೇಲಿನ ಸಂಶೋಧನೆಗಳು ಹೇಳ್ತವೆ.) ಅಂದ್ರೆ ಯೀಸ್ಟಿನ "ಮನೆಯಲ್ಲಿ ಸಕ್ಕರೆ ಮುಗಿದಿದೆ" ಅನ್ನೋ ಗಂಟೆಯ ಅಣ್ಣತಮ್ಮನನ್ನೇ ಅವ್ವ ದಿನಾ ಎರಡು ಹೊತ್ತು ಬಾರಿಸ್ತಿದ್ದಾಳೆ.

ಊಟ ಬದಲಾದಾಗ ಎಷ್ಟು ಪುಟ ತೆರೆದು ಎಷ್ಟು ಮುಚ್ತಾವೆ ಅಂತ ಮೊದಲ ಸಲ ಒಟ್ಟಿಗೆ ಎಣಿಸಿದ್ದು 1997ರಲ್ಲಿ. ಸ್ಟ್ಯಾನ್‌ಫರ್ಡಿನಲ್ಲಿ ಡಿರಿಸಿ, ವಿಶ್ವನಾಥ್ ಅಯ್ಯರ್ ಮತ್ತು ಬ್ರೌನ್, ಗಾಜಿನ ಚೂರಿನ ಮೇಲೆ ಯೀಸ್ಟಿನ ಹೆಚ್ಚುಕಡಿಮೆ ಎಲ್ಲಾ ಜೀನುಗಳನ್ನೂ ಚುಕ್ಕಿ ಇಟ್ಟು ನೋಡಿದ್ರು. ಗ್ಲೂಕೋಸ್ ಮುಗಿದಾಗ ಸುಮಾರು 710 ಜೀನುಗಳ ಉತಾರ ಎರಡು ಪಟ್ಟಿಗಿಂತ ಹೆಚ್ಚಾಯ್ತು, ಸುಮಾರು 1030ರದ್ದು ಅರ್ಧಕ್ಕಿಂತ ಇಳೀತು. ಬರಗಾಲ ಬಂದ ಊರಿನ ಹಾಗೆ. ಹಗೇವಿನ ಬಾಯಿ ತೆಗೆಯೋರು, ಮದುವೆ ಮುಂದೂಡೋರು, ಗುಳೆ ಹೊರಡೋರು, ಎಲ್ಲಾ ಒಂದೇ ವಾರದಲ್ಲಿ. ಸಕ್ಕರೆಯಷ್ಟೇ ಅಲ್ಲ, ಅಮೈನೋ ಆಮ್ಲ ಕಮ್ಮಿಯಾದ್ರೆ ಜಿಸಿಎನ್ 4 ಅನ್ನೋ ಇನ್ನೊಬ್ಬ ಯಜಮಾನ ಎದ್ದು 500ಕ್ಕೂ ಹೆಚ್ಚು ಜೀನುಗಳನ್ನು ಎಬ್ಬಿಸ್ತಾನೆ. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಸುನಿಲ್ ಲಕ್ಷ್ಮಣ್ ಅವರ ಗುಂಪು 2020ರಲ್ಲಿ ತೋರಿಸಿದ್ದು ಇನ್ನೂ ಮಜಾ: ಮೆಥಿಯೊನಿನ್ ಅನ್ನೋ ಅಮೈನೋ ಆಮ್ಲ ಹೇರಳವಾಗಿದ್ದಾಗ ಇದೇ ಬರಗಾಲದ ಯಜಮಾನ ಬೆಳವಣಿಗೆಯ ಕೆಲಸಕ್ಕೂ ನಿಲ್ತಾನೆ.

ಸರಿ, ಅವ್ವನ ಬಾಟ್ಲಿಗೆ ಬರೋಣ. ಬೇಕರಿಯವನು ಇನ್ಸುಲಿನ್ ಮಾಡೋದಿಲ್ಲ ಯಾಕಂದ್ರೆ ಅವನ ಯೀಸ್ಟಿನಲ್ಲಿ ಆ ಪುಟವೇ ಇಲ್ಲ. ಮನುಷ್ಯರ ಪುಟವನ್ನು ಬರೆದು ಸೇರಿಸಬೇಕು. ಸೇರಿಸಿದ್ರೂ ಅದನ್ನು ಜೋರಾಗಿ, ಹೇಳಿದ ಹೊತ್ತಿಗೆ ತೆರೆಯೋ ಬಾಗಿಲ ಪಕ್ಕ ಇಡಬೇಕು. ಅಂಥ ಬಾಗಿಲು ಸಿಕ್ಕಿದ್ದು ಬೇರೊಂದು ಯೀಸ್ಟಿನಲ್ಲಿ, ಪೀಕಿಯಾ ಪ್ಯಾಸ್ಟೋರಿಸ್. ನೂರು ವರ್ಷದ ಹಿಂದೆ ಫ್ರಾನ್ಸಿನಲ್ಲಿ ಮರದ ರಸದಲ್ಲಿ ಸಿಕ್ಕಿದ್ದ ಜಾತಿ. (ಲ್ಯಾಬಿನಲ್ಲಿ ಬಳಸೋ ತಳಿಗೆ ಈಗ ಕೊಮಗಟೆಲ್ಲಾ ಅಂತ ಹೊಸ ಹೆಸರಿದೆ, ಪುಲಿಗೆರೆ ಲಕ್ಷ್ಮೇಶ್ವರ ಆದ ಹಾಗೆ. ಜನ ಹಳೇ ಹೆಸರನ್ನೇ ಕರೀತಾರೆ.) ಮೆಥನಾಲ್ ತಿಂದು ಬದುಕೋ ಯೀಸ್ಟುಗಳಿವೆ ಅಂತ 1969ರಲ್ಲಿ ಜಪಾನಿನ ಕೊಯಿಚಿ ಒಗಾಟಾ ತೋರಿಸಿದ್ರು. ಮೆಥನಾಲ್ ಅಂದ್ರೆ ಕುಡಿದ್ರೆ ಕಣ್ಣು ಹೋಗೋ ವಿಷ! ಅದು ಆಗ ಅಗ್ಗವಾಗಿತ್ತು. ಅಮೆರಿಕಾದ ಫಿಲಿಪ್ಸ್ ಪೆಟ್ರೋಲಿಯಂ ಕಂಪನಿ ಪೀಕಿಯಾವನ್ನು ಮೆಥನಾಲಿನಲ್ಲಿ ರಾಶಿ ರಾಶಿ ಬೆಳೆಸಿ ದನಕರುಗಳಿಗೆ ಪ್ರೋಟೀನ್ ಮೇವು ಮಾಡೋಕೆ ಹೊರಟಿತು. ಅಷ್ಟರಲ್ಲಿ 1973ರ ತೈಲ ಬಿಕ್ಕಟ್ಟು ಬಂತು. ಲೆಕ್ಕ ತಪ್ಪಿತು, ಸೋಯಾನೇ ಅಗ್ಗವಾಯ್ತು.

ಪೀಕಿಯಾದ ಆ ವಿದ್ಯೆ ಮಾತ್ರ ವ್ಯರ್ಥವಾಗಲಿಲ್ಲ. ಮೆಥನಾಲ್ ಸಿಕ್ಕಾಗ ಪೀಕಿಯಾ ಆಲ್ಕೊಹಾಲ್ ಆಕ್ಸಿಡೇಸ್ ಅನ್ನೋ ಕಿಣ್ವವನ್ನು ಹುಚ್ಚಾಪಟ್ಟೆ ಮಾಡುತ್ತೆ, ಕೋಶದ ಕರಗುವ ಪ್ರೋಟೀನಿನಲ್ಲಿ ಶೇಕಡಾ 30ರವರೆಗೂ ಅದೇ. ಆ ಕಿಣ್ವ ಆಮ್ಲಜನಕ ಹಿಡಿಯೋದರಲ್ಲಿ ದಡ್ಡ, ಅದಕ್ಕೇ ಅಷ್ಟೊಂದು ಬೇಕು. ಗ್ಲೂಕೋಸೋ ಗ್ಲಿಸರಾಲೋ ಇದ್ದಾಗ ಮಾತ್ರ ಆ ಜೀನ್ ಪೂರಾ ಮೌನ. 1985ರಲ್ಲಿ ಕ್ಯಾಲಿಫೋರ್ನಿಯಾದ ಲಾ ಹೋಯಾದಲ್ಲಿ ಜೇಮ್ಸ್ ಕ್ರೆಗ್ ಮುಂತಾದವರು ಆ ಜೀನಿನ ಬಾಗಿಲು, ಎಓಎಕ್ಸ್ 1, ಬಿಡಿಸಿ ತೆಗೆದ್ರು. ಇನ್ನೇನು, ಆ ಬಾಗಿಲ ಹಿಂದೆ ನಿಮಗೆ ಬೇಕಾದ ಪುಟ ಇಡಿ. ಮೊದಲು ಗ್ಲಿಸರಾಲ್ ಹಾಕಿ ಯೀಸ್ಟನ್ನು ದಟ್ಟವಾಗಿ ಬೆಳೆಸಿ. ಗ್ಲಿಸರಾಲ್ ಪೂರಾ ಖಾಲಿಯಾಗೋದಕ್ಕೆ ಬಿಡಿ. ಆಮೇಲೆ ಮೆಥನಾಲ್ ಹನಿ ಹನಿ. ಬಾಗಿಲು ತೆರೆಯುತ್ತೆ, ಇನ್ಸುಲಿನ್ನಿನ ಪೂರ್ವರೂಪ ಹೊರಗೆ ಸುರಿಯುತ್ತೆ. ಹಳೇ ಊಟ ಉಳಿದಿದ್ರೆ ಕೆಲಸ ಆಗೋದಿಲ್ಲ. ನಡುವೆ ಒಂದು ಉಪವಾಸ ಬೇಕೇ ಬೇಕು. ಮೊನೊನ ಗ್ರಾಫಿನ ಆ ಕಟ್ಟೆ ಇಲ್ಲಿ ಕಾರ್ಖಾನೆಯ ವೇಳಾಪಟ್ಟಿ ಆಗಿಬಿಟ್ಟಿದೆ.

ಬಯೋಕಾನ್ ಇದಕ್ಕೆ ಕೈ ಹಾಕಿದ್ದರ ಹಿಂದೆ ಮತ್ತೆ ಬಿಯರ್ ಇದೆ. ಕಿರಣ್ ಮಜುಂದಾರ್ ಬೆಂಗಳೂರಿನ ಒಬ್ಬ ಬಿಯರ್ ತಯಾರಕರ ಮಗಳು. ಆಸ್ಟ್ರೇಲಿಯಾಕ್ಕೆ ಹೋಗಿ 1975ರಲ್ಲಿ ಅದೇ ವಿದ್ಯೆ ಕಲಿತು ಬಂದ್ರು. ಹೆಂಗಸಿಗೆ ಆ ಕೆಲಸ ಕೊಡೋರು ಇಲ್ಲಿ ಇರಲಿಲ್ಲ. 1978ರಲ್ಲಿ ಗ್ಯಾರೇಜಿನಲ್ಲಿ ಕಿಣ್ವದ ಕಂಪನಿ ತೆರೆದ್ರು, ಶುರುವಿನಲ್ಲಿ ಪರಂಗಿ ಹಣ್ಣಿನ ಪಪೇನ್ ತೆಗೀತಿದ್ರು. ಹುದುಗಿಸೋ ಆ ಕೈಪಳಗಿಕೆಯೇ 26 ವರ್ಷದ ಮೇಲೆ ಪೀಕಿಯಾದ ಇನ್ಸುಲಿನ್ ಆಯ್ತು, ಜಗತ್ತಿನಲ್ಲೇ ಮೊದಲು. (ಆ ಬ್ರಾಂಡಿನ ಭಾರತದ ಮಾರಾಟ 2024ರಲ್ಲಿ ಎರಿಸ್ ಅನ್ನೋ ಬೇರೆ ಕಂಪನಿಯ ಪಾಲಾಯ್ತು.)

ಅದೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ಎನ್. ರಂಗರಾಜನ್ ಅವರ ಲ್ಯಾಬು ಈ ಬಾಗಿಲಿನ ಒಳಗುಟ್ಟಿನ ಹಿಂದೆ ಬಿದ್ದಿತ್ತು. ಮೆಥನಾಲ್ ಜೀನುಗಳನ್ನು ಎಬ್ಬಿಸೋ ಎಂಎಕ್ಸ್‌ಆರ್ 1 ಅನ್ನೋ ಪ್ರೋಟೀನ್ 2006ರಲ್ಲೇ ಗೊತ್ತಾಗಿತ್ತು. 2012ರಲ್ಲಿ ಎನ್. ವಿಜಯ್ ಕುಮಾರ್ ಮತ್ತು ರಂಗರಾಜನ್ ತೋರಿಸಿದ್ದು: ರೋಪ್ ಅನ್ನೋ ಇನ್ನೊಂದು ಪ್ರೋಟೀನ್ ಡಿಎನ್‌ಎ ಮೇಲೆ ಅದೇ ಅಕ್ಷರಗಳನ್ನೇ ಓದಿ ಅದೇ ಜಾಗದಲ್ಲಿ ಕೂರುತ್ತೆ, ಆದ್ರೆ ಜೀನನ್ನು ಮಲಗಿಸುತ್ತೆ. ಒಂದೇ ಬಸ್ ಸೀಟಿಗೆ ಇಬ್ಬರು ಟವೆಲ್ ಹಾಕಿದ ಹಾಗೆ! ಬೇರೆ ಪೌಷ್ಟಿಕ ಆಹಾರವೂ ಜೊತೆಗಿದ್ದಾಗ ರೋಪ್ ಮೇಲುಗೈ ಸಾಧಿಸುತ್ತೆ, ಬರಿಯ ಲವಣ, ಮೆಥನಾಲ್ ಇದ್ದಾಗ ಅದರ ಆಟ ನಡೆಯೋದಿಲ್ಲ.

2006ರಲ್ಲಿ ಇದರ ಕಾಲುಭಾಗವೂ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದಷ್ಟನ್ನ ಅವ್ವನಿಗೆ ಹೇಳಿದೆ. ಮೆಥನಾಲ್ ಅಂದ ಕೂಡಲೆ "ಸ್ಪಿರಿಟ್ಟಾ? ಮತ್ತ ಅದು ಸೆರೆ ಅಲ್ಲೇನು?" ಅಂತ ಹೊಸ ತಕರಾರು. ಅದು ಯೀಸ್ಟಿನ ಊಟ, ಬಾಟ್ಲಿಗೆ ಬರೋದಿಲ್ಲ, ತೊಳೆದು ಶುದ್ಧ ಮಾಡಿರ್ತಾರೆ ಅಂತ ಹೇಳಿ ಸಾಕಾಯ್ತು. ಕೊನೆಗೆ ಶಿರಹಟ್ಟಿಯಿಂದ ಅಕ್ಕನ ಮಕ್ಕಳು ಬಂದಾಗ ಬೆಟಗೇರಿಯಿಂದ ಯೀಸ್ಟ್ ತಂದು ಎರಡು ಬಾಟ್ಲಿಗೆ ಹಾಕಿ, ಒಂದಕ್ಕೆ ಬೆಲ್ಲದ ನೀರು, ಒಂದಕ್ಕೆ ಹಾಲು ಹಾಕಿ ಬಾಯಿಗೆ ಬಲೂನ್ ಕಟ್ಟಿದೆ. ಬೆಲ್ಲದ್ದು ಉಬ್ಬಿ ನಿಂತಿತು. ಹಾಲಿನದ್ದು ಜೋತುಬಿದ್ದೇ ಇತ್ತು.

"ಹಸಿವಾಗಿಲ್ಲ ಅದಕ್ಕ, ನಾಳಿ ನೋಡು, ಏಳ್ತದ" ಅಂದಳು ಅವ್ವ.

"ಇಲ್ಲಬೇ, ಹಾಲಿನ ಸಕ್ಕರಿ ಒಡಿಯೋ ಪುಟಾನ ಇಲ್ಲ ಇದರಾಗ. ಅರ್ಧಾ ಒಡದು ಕೊಟ್ರ ಮಾತ್ರ ನಾಲ್ಕೈದು ತಾಸಿನ ಮ್ಯಾಲ ತಿಂತದ."

"ಅಂದ್ರ, ಇದ್ದೂ ಮಲಗಿದ್ದು ಬ್ಯಾರೆ, ಇಲ್ಲದ್ದು ಬ್ಯಾರೆ."

ಮೊನೊಗೆ ಇಷ್ಟು ಹೇಳೋಕೆ ಎಷ್ಟು ವರ್ಷ ಬೇಕಾಯ್ತೋ ಅಂತ ನಾನು ನಗ್ತಿದ್ದೆ. ಅವ್ವ ಎದ್ದು ಹಿತ್ತಲಿಗೆ ಹೋಗಿ ಗಡಿಗೆಯಿಂದ ಬಾಟ್ಲಿ ತಂದು ದೇವರ ಗೂಡಿನ ಪಕ್ಕದ ತಟ್ಟೆಯಲ್ಲಿ ಇಟ್ಟಳು. ಇಷ್ಟು ದಿನ ಹೊರಗಿದ್ದ ಬಾಟ್ಲಿ, ಬೇಡ ಅಂತ ಅದನ್ನು ಬಿಸಾಕಿ ಮರುದಿನ ಹೊಸದು ತಂದೆ. ಮೊದಲ ಸೂಜಿ ನಾನೇ ಚುಚ್ಚಿದ್ದು, ಕೈ ನಡುಗ್ತಿತ್ತು. ಈಗ ಅವಳೇ ಚುಚ್ಚಿಕೊಳ್ತಾಳೆ. ಶ್ರಾವಣ ಸೋಮವಾರದ ಉಪವಾಸ ಮಾತ್ರ ಬಿಡಿಸೋಕೆ ಇನ್ನೂ ಆಗಿಲ್ಲ. ಈ ಸಲ ಡೋಸು ಏರುಪೇರಾಗಿದ್ದೂ ಅದಕ್ಕೇ.